ನಳಿನಾಕ್ಷಿ ಬಿಟ್ಟು ಓದಿದ ಎರಡು ಸಾಲು

ಕಾಪು ಪೊಲಿಪುವಿನ ಮೊಗವೀರರ ಕೇರಿಗೆ ಲೋಕದ ಸುದ್ದಿ ಒಂದು ದಿನ ತಡವಾಗಿ ಬರುತ್ತಿತ್ತು. ಅದೂ ಮೀನಿನ ಬುಟ್ಟಿಯಲ್ಲಿ. ತರುತ್ತಿದ್ದವಳು ನಳಿನಾಕ್ಷಿ. ಬೆಳಿಗ್ಗೆ ದಡಕ್ಕೆ ಬಂದ ಬಂಗುಡೆಯನ್ನೋ ಬೂತಾಯಿಯನ್ನೋ ಬುಟ್ಟಿಗೆ ತುಂಬಿಸಿ, ಎಂಟು ಗಂಟೆಯ ಬಸ್ಸು ಹಿಡಿದು ಅಂಬಲಪಾಡಿಯಲ್ಲಿ ಇಳಿದರೆ, ಖಾಯಂ ಗಿರಾಕಿಗಳ ಹದಿನಾಲ್ಕು ಮನೆ ಸುತ್ತಿ ಮುಗಿಯುವಾಗ ಹನ್ನೊಂದೂವರೆ. ಹದಿನಾಲ್ಕನೆಯದು ಮೇಬಲ್ ಬಾಯಿಯ ಮನೆ. ಮೇಬಲ್ ಬಾಯಿ ಮದುವೆಯಾಗದೆ ಉಳಿದವರು, ಶಾಲೆಯಿಂದ ನಿವೃತ್ತರಾದ ಟೀಚರು. ಬಂಗುಡೆಯ ಕಿವಿರು ಎತ್ತಿ ನೋಡುವಾಗಲೂ ಮಕ್ಕಳ ಸ್ಲೇಟು ತಿದ್ದುವವರ ಹಾಗೆ ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು.

ಪೇಪರು ಬರುತ್ತಿದ್ದುದು ಅವರ ತಮ್ಮ ಬ್ಯಾಪ್ಟಿಸ್ಟ್ ಪೊರ್ಬುಗಳಿಗೆ. ಅವರು ಮಣಿಪಾಲದಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದು, ಮೊದಲ ಪುಟದ ತಲೆಬರಹದಿಂದ ಕೊನೆಯ ಪುಟದ ಮುದ್ರಕರ ವಿಳಾಸದವರೆಗೆ ಓದಿ ಮಡಚಿಟ್ಟರೆ, ಮರುದಿನ ಅದು ನಳಿನಾಕ್ಷಿಯದು. ಪ್ರತಿಯಾಗಿ ಎರಡು ಬಂಗುಡೆ ಕೊಸರು. ಈ ಒಪ್ಪಂದವನ್ನು ಯಾರೂ ಬಾಯಿಬಿಟ್ಟು ಮಾಡಿಕೊಂಡದ್ದಲ್ಲ. 1951ರ ಸುಮಾರಿಗೆ ತಾನಾಗಿ ಶುರುವಾಗಿ ಹಾಗೆಯೇ ನಡೆದುಬಂದಿತ್ತು. ಪೇಪರನ್ನು ಅವಳು ಅಡಿಕೆ ಹಾಳೆಯೊಳಗೆ ಸುತ್ತಿ ಖಾಲಿ ಬುಟ್ಟಿಯಲ್ಲಿಟ್ಟು ತರುತ್ತಿದ್ದಳು. ಆದರೂ ಮೀನಿನ ವಾಸನೆ ಹತ್ತುತ್ತಿತ್ತು. ಕೇರಿಯಲ್ಲಿ ಅದನ್ನು ಯಾರೂ ವಾಸನೆ ಎಂದು ಎಣಿಸುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಕಡಲ ಬದಿಯ ತೆಂಗಿನ ಮಡಲಿನ ಚಪ್ಪರದಲ್ಲಿ ಗಂಡಸರು ಬಲೆ ರಿಪೇರಿಗೆ ಕೂರುತ್ತಿದ್ದರು. ನಳಿನಾಕ್ಷಿಯ ಸೋದರಮಾವ ಗುಣಪಾಲ ಮನೆಗೂ ಯಜಮಾನ, ದೋಣಿಗೂ ಯಜಮಾನ. ಅವನ ದೋಣಿಯ ಆರು ಜನರ ಜೊತೆಗೆ ಆಚೀಚೆ ದೋಣಿಯವರೂ ಬಂದು ಸೇರುತ್ತಿದ್ದರು. ಓದು ಬರುವವರು ಅವರಲ್ಲಿ ಇಲ್ಲವೆಂದೇನಲ್ಲ. ಎರಡು-ಮೂರು ಕ್ಲಾಸು ಮುಗಿಸಿ ಅಕ್ಷರ ಕೂಡಿಸುವವರು ಇದ್ದರು. ಆದರೆ ಬೋರ್ಡು ಶಾಲೆಯಲ್ಲಿ ಎಂಟನೆಯ ಕ್ಲಾಸಿನವರೆಗೆ ಹೋದವಳು ನಳಿನಾಕ್ಷಿ ಒಬ್ಬಳೇ. ಅದಕ್ಕಿಂತ ಹೆಚ್ಚಿನದೊಂದು ಅವಳ ಕೈಯಲ್ಲಿತ್ತು. ಪೇಪರಿನಲ್ಲಿದ್ದುದು ಕನ್ನಡ, ಅವಳ ಬಾಯಿಂದ ಹೊರಬೀಳುತ್ತಿದ್ದುದು ತುಳು. ಕಣ್ಣು ಒಂದು ಭಾಷೆಯಲ್ಲಿ, ನಾಲಿಗೆ ಇನ್ನೊಂದರಲ್ಲಿ, ನಡುವೆ ಎಲ್ಲಿಯೂ ತಡವರಿಕೆ ಇಲ್ಲ. ಕಾರ್ಕಳದ ಕೊಲೆ ಮೊಕದ್ದಮೆಯನ್ನು ಅವಳು ಹೇಳುವಾಗ ಸೂಜಿ ಹಿಡಿದ ಕೈಗಳು ನಿಂತುಬಿಡುತ್ತಿದ್ದವು.

ಹೇಳುವಾಗ ಅವಳು ಅಷ್ಟಿಷ್ಟು ಬಿಡುತ್ತಿದ್ದಳು. ಈ ಅಭ್ಯಾಸ ಪೇಪರಿನಿಂದ ಬಂದದ್ದಲ್ಲ, ಕಾಗದಗಳಿಂದ ಬಂದದ್ದು. ಕೇರಿಯ ಅರ್ಧ ಮನೆಗಳ ಗಂಡಸರು ಮುಂಬಯಿಯಲ್ಲಿದ್ದರು. ಅವಳ ಗಂಡನೂ ಅಲ್ಲಿನ ಬಂದರಿನಲ್ಲಿಯೇ ಕೆಲಸಕ್ಕಿದ್ದ. ಅವರ ಕಾಗದಗಳನ್ನೆಲ್ಲ ಓದಿಹೇಳುವವಳು ಅವಳೇ. ಮಗ ಸಿಟ್ಟಿನಲ್ಲಿ ಬರೆದ ಒಂದು ಮಾತು, ಜ್ವರ ಬಂದು ಆಸ್ಪತ್ರೆಯಲ್ಲಿದ್ದೆ ಎನ್ನುವ ಒಂದು ಸಾಲು, ಇಂಥವನ್ನು ತಾಯಿಯ ಮುಖ ನೋಡಿ ನುಂಗಿಬಿಡುತ್ತಿದ್ದಳು. ಪಕ್ಕದ ಮನೆಯ ಸರಸಕ್ಕನ ಮಗನ ಕಾಗದದಲ್ಲಂತೂ ಎರಡು ವರ್ಷಗಳಿಂದ ಒಂದೇ ಸಾಲನ್ನು ನುಂಗುತ್ತ ಬಂದಿದ್ದಳು. ಯಾರಿಗೂ ನಷ್ಟವಾಗಿರಲಿಲ್ಲ. ಬದಲಿಗೆ, "ನಳಿನ ಓದಿದರೆ ಮನಸ್ಸಿಗೆ ಹಿತ" ಎಂಬ ಹೆಸರು ಬಂದಿತ್ತು.

ಹೊಸ ಹೊಸ ವಸ್ತುಗಳ ಸುದ್ದಿ ಚಪ್ಪರಕ್ಕೆ ಬಂದದ್ದೆಲ್ಲ ಈ ದಾರಿಯಲ್ಲೇ. 1957ರ ಅಕ್ಟೋಬರಿನಲ್ಲಿ ರಷ್ಯಾದವರು ಆಕಾಶಕ್ಕೆ ಒಂದು ಚಂದ್ರನನ್ನು ಬಿಟ್ಟಿದ್ದಾರೆ ಎಂದು ಅವಳು ಓದಿದಾಗ, ಉಳಿದವರು ಮೇಲೆ ನೋಡಿದರು. ಗುಣಪಾಲ ಕಡಲನ್ನು ನೋಡಿದ.

"ಅದರಿಂದ ಭರತ ಇಳಿತಕ್ಕೆ ಏನಾದರೂ ತೊಂದರೆ ಉಂಟಾ?" ಎಂದು ಕೇಳಿದ. "ಒಂದು ಚಂದ್ರ ಇರುವಾಗಲೇ ಹುಣ್ಣಿಮೆಗೆ ನೀರು ತೆಂಗಿನ ಬುಡಕ್ಕೆ ಬರುತ್ತದೆ. ಎರಡಾದರೆ?"

ಪೇಪರಿನಲ್ಲಿ ಅದು ಇರಲಿಲ್ಲ. ಮರುದಿನ ಅವಳು ಮೇಬಲ್ ಬಾಯಿಯನ್ನು ಕೇಳಿದಳು. ಅವರು ತಮ್ಮನನ್ನು ಕೇಳಿಟ್ಟುಕೊಂಡು ಅದರ ಮರುದಿನ ಉತ್ತರ ಕೊಟ್ಟರು. ಆ ಚಂದ್ರನ ಭಾರ ಹೆಚ್ಚುಕಡಿಮೆ ಎರಡು ಮುಡಿ ಅಕ್ಕಿಯಷ್ಟು.

"ಎರಡು ಮುಡಿಗೆ ಕಡಲು ಏಳುವುದಿಲ್ಲ," ಎಂದು ಗುಣಪಾಲ ಸಮಾಧಾನದಿಂದ ಸೂಜಿ ಎತ್ತಿಕೊಂಡ. ದೋಣಿಯ ಆರು ಜನರಲ್ಲಿ ಕಿರಿಯವನೂ ಬಾಯಿಯಲ್ಲಿ ಹಿರಿಯವನೂ ಆದ ಕಿಟ್ಟ ಮಾತ್ರ ಆ ಚಂದ್ರನನ್ನು ಒಂದು ವಾರ ದಿನವೂ ಸಂಜೆ ಕಂಡ. ಮೋಡ ಮುಚ್ಚಿದ ಸಂಜೆಯೂ ಕಂಡ.

ಮಾರನೆಯ ವರ್ಷ ಪೇಪರಿನ ಮರ್ಯಾದೆಗೆ ಒಂದು ಪೆಟ್ಟು ಬಿತ್ತು. ಯಾರೋ ಒಬ್ಬ ಲೇಖಕರು ಕರಾವಳಿಯ ಸೊಬಗಿನ ಬಗ್ಗೆ ಬರೆಯುತ್ತ, ಆಷಾಢದ ಸುರಿಯುವ ಮಳೆಯಲ್ಲಿ ಮೊಗವೀರರು ಹಾಡುತ್ತ ಕಡಲಿಗೆ ದೋಣಿ ಇಳಿಸುವ ದೃಶ್ಯವನ್ನು ವರ್ಣಿಸಿದ್ದರು. ನಳಿನಾಕ್ಷಿ ಇದ್ದದ್ದನ್ನು ಇದ್ದಹಾಗೆ ಓದಿಬಿಟ್ಟಳು. ಆಟಿ ತಿಂಗಳ ಕಡಲಿಗೆ ದೋಣಿ ಇಳಿಸುವುದೆಂದರೆ ಬಾವಿಗೆ ಹಾರುವುದಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ. ಚಪ್ಪರದಲ್ಲಿ ನಗು ಹತ್ತಿತು. ಅದು ಅಂದಿಗೆ ನಿಂತಿದ್ದರೆ ಅಡ್ಡಿಯಿರಲಿಲ್ಲ. ಆದರೆ ಒಂದು ತಿಂಗಳು ಅವಳು ಏನು ಓದಿದರೂ ಕಿಟ್ಟ, "ಇದು ಆಟಿಯಲ್ಲಿ ದೋಣಿ ಇಳಿಸಿದ ಪೇಪರು ಅಲ್ವಾ ನಳಿನಕ್ಕ?" ಎನ್ನುತ್ತಿದ್ದ. ಸಿಡುಬಿನ ಚುಚ್ಚುಮದ್ದಿನವರು ಸೋಮವಾರ ಬರುತ್ತಾರೆ ಎಂಬ ಸುದ್ದಿಗೂ ಅದೇ ಮಾತು. ಸೋಮವಾರ ಚುಚ್ಚುಮದ್ದಿನವರು ಬಂದಾಗ ಕೇರಿಯಲ್ಲಿ ಅರ್ಧ ಜನ ಇರಲಿಲ್ಲ.

ಅಲ್ಲಿಂದ ನಳಿನಾಕ್ಷಿ ಒಂದು ನಿಯಮ ಮಾಡಿಕೊಂಡಳು. ಕೇಳುವವರು ನಗುವಂಥದ್ದು ಕಂಡರೆ ಬಿಟ್ಟುಬಿಡುವುದು. ಒಂದು ಸಾಲಿಗೆ ನಕ್ಕರೆ ಉಳಿದ ನೂರು ಸಾಲನ್ನೂ ನಂಬುವುದಿಲ್ಲ, ಅದಕ್ಕೆ.

ನೈಲಾನ್ ಬಲೆಯ ಸುದ್ದಿ ಬಂದದ್ದು 1960ರ ಜನವರಿಯಲ್ಲಿ. ಭಾನುವಾರದ ಪೇಪರಿನ ಐದನೆಯ ಪುಟ, ಬಲೆಯ ಒಂದು ಚಿತ್ರ, ಅದರ ಕೆಳಗೆ ಒಂದೂವರೆ ಕಾಲಮಿನ ಬರಹ. ಕಲ್ಲಿದ್ದಲಿನ ಮೂಲದಿಂದ ತಯಾರಿಸುವ ನೂಲು ಎಂದು ಅವಳು ಓದುತ್ತಿದ್ದಂತೆಯೇ ಕಿಟ್ಟ ಸೂಜಿ ಕೆಳಗಿಟ್ಟ.

"ಮಸಿಯಿಂದ ಬಲೆಯಾ? ನಾಳೆ ಬೂದಿಯಿಂದ ದೋಣಿ ಮಾಡುತ್ತಾರೆ ಮಾರಾಯ!"

ಎಲ್ಲರೂ ನಕ್ಕರು. ನಳಿನಾಕ್ಷಿ ನಗು ಇಳಿಯುವವರೆಗೆ ಕಾದು ಮುಂದುವರಿಸಿದಳು. ಈ ನೂಲು ನೀರಿನಲ್ಲಿ ಕೊಳೆಯುವುದಿಲ್ಲ. ಮತ್ತಿ ಮರದ ತೊಗಟೆ ಕುದಿಸಿ ಬಣ್ಣ ಕಟ್ಟುವ ಕೆಲಸವೂ ಇದಕ್ಕೆ ಬೇಡ. ತೆಳುವಾದ್ದರಿಂದ ಮೀನಿನ ಕಣ್ಣಿಗೆ ಬೇಗ ಕಾಣುವುದಿಲ್ಲ. ಹತ್ತಿಯ ಬಲೆಗಿಂತ ಹೆಚ್ಚು ವರ್ಷ ಬಾಳುತ್ತದೆ. ನಗು ನಿಂತಿತ್ತು. ವಾರಕ್ಕೊಮ್ಮೆ ತೊಗಟೆಯ ಹಂಡೆಯ ಮುಂದೆ ಹೊಗೆ ಕುಡಿಯುವವರು ಆ ಚಪ್ಪರದಲ್ಲಿ ಕೂತಿದ್ದರು.

ಕೊನೆಯ ಪ್ಯಾರಾ ಬಂತು. "ಈ ಬಲೆಯನ್ನು ದಿನವೂ ಒಣಗಿಸುವ ಅಗತ್ಯವಿಲ್ಲ. ಬಿಸಿಲು ತಾಗಿದಷ್ಟೂ ನೂಲಿನ ಬಲ ಕುಂದುವುದರಿಂದ ಇದನ್ನು ಯಾವಾಗಲೂ ನೆರಳಿನಲ್ಲಿಯೇ ಇಡತಕ್ಕದ್ದು."

ನಳಿನಾಕ್ಷಿ ತಲೆಯೆತ್ತಿದಳು. ಹೊರಗೆ ದಡದ ಹೊಯ್ಗೆಯ ಮೇಲೆ ಐದು ಬಲೆಗಳು ಬಿಸಿಲಿಗೆ ಬಿದ್ದಿದ್ದವು. ಅವಳು ಹುಟ್ಟಿದಂದಿನಿಂದ ಅಲ್ಲಿ ಬಲೆಗಳು ಬಿದ್ದೇ ಇದ್ದವು. ಬಿಸಿಲು ಕಾಣದ ಬಲೆಯ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಒದ್ದೆ ಬಲೆಯನ್ನು ನೆರಳಿನಲ್ಲಿ ರಾಶಿ ಹಾಕುವವನನ್ನು ಸೋಮಾರಿ ಎಂದು ಬೈಯುತ್ತಿದ್ದ ಊರು ಅದು. ಬರೆದವರು ಬಲೆಯನ್ನು ಚಿತ್ರದಲ್ಲಷ್ಟೇ ಕಂಡಿರಬೇಕು, ಆಟಿಯಲ್ಲಿ ದೋಣಿ ಇಳಿಸಿದವರ ಅಣ್ಣನೋ ತಮ್ಮನೋ ಇರಬೇಕು ಎಂದುಕೊಂಡಳು. ಕಿಟ್ಟ ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಕಾಯುತ್ತಿದ್ದ. ಅವಳು ಪೇಪರು ಮಡಚಿದಳು.

"ಮುಗಿಯಿತಾ?" ಎಂದ ಗುಣಪಾಲ.

"ಮುಗಿಯಿತು ಮಾಮ."

"ಕೊಳೆಯುವುದಿಲ್ಲ ಅಂತ ಬರೆದಿದ್ದಾರಾ?"

"ಹೌದು."

"ಇನ್ನೊಮ್ಮೆ ಓದು."

ಅವಳು ಇನ್ನೊಮ್ಮೆ ಓದಿದಳು. ಈ ಸಲವೂ ಅಲ್ಲಿಗೇ ನಿಲ್ಲಿಸಿದಳು.

ಗುಣಪಾಲ ಅವಸರದ ಮನುಷ್ಯನಲ್ಲ. ನಾಲ್ಕು ತಿಂಗಳು ಯೋಚಿಸಿ, ಮೇ ತಿಂಗಳಲ್ಲಿ ಮಂಗಳೂರಿನ ಬಂದರಿಗೆ ಹೋಗಿ ನೈಲಾನ್ ನೂಲು ತಂದ. ಕಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚು ಹಾಕಿದ ಚೀಟಿ ಇತ್ತು. ಅದನ್ನು ಕಿಟ್ಟ ಚಂದ ಉಂಟೆಂದು ಕನ್ನಡಿಯ ಪಕ್ಕ ಅಂಟಿಸಿಕೊಂಡ. ಮಳೆಗಾಲದ ಮೂರು ತಿಂಗಳು ಮನೆಯ ಎಂಟು ಜನ ಜಗಲಿಯಲ್ಲಿ ಕೂತು ಕಂತಬಲೆ ನೇಯ್ದರು. ಕಂತಬಲೆಯೆಂದರೆ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಬಲೆ. ಮೀನು ತಾನಾಗಿ ಬಂದು ಕಿವಿರು ಸಿಕ್ಕಿಸಿಕೊಳ್ಳಬೇಕು. ಹತ್ತಿಯ ನೂಲಿಗೆ ಹಾಕುವ ಗಂಟು ನೈಲಾನಿನಲ್ಲಿ ಜಾರಿಹೋಗುತ್ತಿತ್ತು. ಪೇಪರಿನಲ್ಲಿ ಅದರ ಬಗ್ಗೆ ಇರಲಿಲ್ಲ. ನಾಲ್ಕು ದಿನ ಬಿಚ್ಚಿ ಕಟ್ಟಿ, ಕೊನೆಗೆ ಗುಣಪಾಲನೇ ಎರಡು ಸುತ್ತಿನ ಗಂಟೊಂದನ್ನು ಕಂಡುಹಿಡಿದ. ನಳಿನಾಕ್ಷಿ ಕಾರ್ಕಳ, ಅಜೆಕಾರಿನ ಕಡೆಗೆ ಒಣಮೀನು ಮಾರಲು ಹೋಗಿ ಬಂದ ದಿನಗಳಲ್ಲಿಯೂ ಸಂಜೆ ಎರಡು ಗೇಣು ನೇಯ್ದೇ ಏಳುತ್ತಿದ್ದಳು. ಅವಳ ತೋರುಬೆರಳಿನಲ್ಲಿ ಆ ನೂಲು ಕೊರೆದ ಗೆರೆ ಉಳಿಯಿತು.

ಸೆಪ್ಟೆಂಬರಿನಲ್ಲಿ ಕಡಲಿಗೆ ಹಾಲೆರೆದು ಬಲೆ ಇಳಿಸಿದರು. ಮೊದಲ ವಾರದಲ್ಲೇ ಗೊತ್ತಾಯಿತು. ಆಚೀಚೆಯ ದೋಣಿಗೆ ಒಂದು ಬುಟ್ಟಿ ಬಂದರೆ ಗುಣಪಾಲನ ದೋಣಿಗೆ ಎರಡು. ಬಡಗು ಬದಿಯ ದೋಣಿಯವರು ಬಂದು ಬಲೆಯನ್ನು ಮುಟ್ಟಿ, ಎಳೆದು, ಮೂಸಿ ನೋಡಿ ಹೋದರು. ಮುಂದಿನ ಮಳೆಗಾಲಕ್ಕೆ ತಾವೂ ನೇಯುವುದೆಂದು ಮಾತಾಡಿಕೊಂಡರು. ಗುಣಪಾಲನಿಗೆ ಬಲೆಯ ಮೇಲೆ ಮಗುವಿನ ಮೇಲಿನಷ್ಟು ಪ್ರೀತಿ. ಬೇರೆ ಬಲೆಗಳಿಗೆ ಒಂದು ಹೊತ್ತಿನ ಬಿಸಿಲಾದರೆ ಇದಕ್ಕೆ ಬೆಳಗಿನಿಂದ ಸಂಜೆಯವರೆಗೆ. ಮಗ್ಗುಲು ಬದಲಿಸಿ ಬದಲಿಸಿ ಒಣಗಿಸುತ್ತಿದ್ದ. ಬುಟ್ಟಿ ಹೊತ್ತು ಬರುವಾಗ ನಳಿನಾಕ್ಷಿ ಅದನ್ನು ನೋಡುತ್ತಿದ್ದಳು. ಮೊದಲ ಕೆಲವು ದಿನ ಆ ಎರಡು ಸಾಲು ಕಾಲಿಗೆ ಸಿಕ್ಕ ಮುಳ್ಳಿನ ಹಾಗೆ ನೆನಪಾಗುತ್ತಿದ್ದವು. ಬಲೆ ತುಂಬ ಮೀನು ಬರುತ್ತಿರುವಾಗ ಎಷ್ಟು ದಿನ ನೆನಪಿಟ್ಟುಕೊಳ್ಳುವುದು? ದೀಪಾವಳಿ ಕಳೆಯುವಷ್ಟರಲ್ಲಿ ಮರೆತಿದ್ದಳು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಲೆ ಹರಿಯಿತು. ದೊಡ್ಡ ಅಂಜಲ್ ಮೀನು ನುಗ್ಗಿರಬೇಕೆಂದು ಹೊಲಿದರು. ಎರಡು ದಿನ ಬಿಟ್ಟು ಇನ್ನೊಂದು ಕಡೆ ಹರಿಯಿತು. ಮೂರನೆಯ ಸಲ ಬಲೆ ಎಳೆಯುವಾಗ, ಮೀನಿನ ಭಾರಕ್ಕೇ ಮೂರು ಮಾರು ಉದ್ದಕ್ಕೆ ಬಿಚ್ಚಿಹೋಯಿತು. ಬಂಗುಡೆಗಳು ಬೆಳ್ಳಗೆ ಹೊಳೆಯುತ್ತ ಮತ್ತೆ ಕಡಲಿಗೆ ಜಾರಿದವು.

"ಹಳೇ ಸೀರೆ ಹರಿದ ಹಾಗೆ," ಎಂದು ಕಿಟ್ಟ ದಡಕ್ಕೆ ಬಂದು ಹೇಳಿದ. ತಮಾಷೆ ಮಾಡಲಿಲ್ಲ. ಅದೇ ನಳಿನಾಕ್ಷಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅಂದು ಮಧ್ಯಾಹ್ನ ಅವಳು ಪೇಪರು ಬಿಚ್ಚಿದಾಗ ಗುಣಪಾಲ ಕೈಯೆತ್ತಿದ.

"ಬೇಡ. ಇನ್ನು ಚಪ್ಪರದಲ್ಲಿ ಪೇಪರು ಬೇಡ. ಹೆಚ್ಚು ವರ್ಷ ಬಾಳುತ್ತದೆ ಅಂತ ಬರೆದರಲ್ಲ, ಆರು ತಿಂಗಳು ಆಗಲಿಲ್ಲ. ಶುಕ್ರವಾರ ಈ ಬಲೆಯ ಹಗ್ಗ, ತೇಲುಬೆಂಡು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಬಿಸಾಡುವುದು. ನಮಗೆ ಹತ್ತಿಯೇ ಸೈ."

ಬಡಗು ಬದಿಯವರು ಬಂದು ಹರಿದ ಬಲೆಯನ್ನು ನೋಡಿಹೋದರು. ಸುದ್ದಿ ನಡೆಯಲು ಪೇಪರೇ ಬೇಕೆಂದಿಲ್ಲ. ಮಲ್ಪೆಯ ಮೀನು ಮಾರುವ ಹೆಂಗಸೊಬ್ಬಳು ಉಡುಪಿಯ ಮಾರುಕಟ್ಟೆಯಲ್ಲಿ ಮೂರೇ ದಿನದಲ್ಲಿ ನಳಿನಾಕ್ಷಿಯನ್ನು ಕೇಳಿದಳು: "ನೈಲಾನ್ ಅಂದರೆ ಬರೀ ಮೋಸ ಅಂತೆ, ಹೌದಾ? ನಿಮ್ಮಲ್ಲೇ ಯಾರೋ ಹಾಳಾದರಂತೆ?"

ನಳಿನಾಕ್ಷಿ ಆ ದಿನ ಮನೆಗೆ ಬಂದು ತನ್ನ ತಗಡಿನ ಪೆಟ್ಟಿಗೆಯ ಬಟ್ಟೆಗಳನ್ನು ಹೊರಗೆ ತೆಗೆದಳು. ಪೆಟ್ಟಿಗೆಯ ಅಡಿಗೆ ಹಾಸಿದ್ದ ಪೇಪರು ಅದೇ. ಬಲೆಯ ಚಿತ್ರ ಉಂಟೆಂದು ಇಟ್ಟುಕೊಂಡಿದ್ದಳು. ಎರಡು ಸಾಲು ಇದ್ದಲ್ಲೇ ಇದ್ದವು.

ಅವಳಿಗೆ ಆಗ ಇದ್ದ ಸಂಕಟ ಬಲೆಯದ್ದೊಂದೇ ಅಲ್ಲ. ತಾನು ಎರಡು ಸಾಲು ಬಿಟ್ಟೆ ಎಂದು ಚಪ್ಪರದಲ್ಲಿ ಹೇಳಿದರೆ, ಮರುಗಳಿಗೆಯಲ್ಲಿ ಕೇರಿಯ ಒಬ್ಬೊಬ್ಬ ತಾಯಿಯೂ ಮಗನ ಕಾಗದ ಹಿಡಿದು ಬಂದು ಇದರಲ್ಲಿ ಎಂತ ಬಿಟ್ಟೆ ಎಂದು ಕೇಳುತ್ತಾಳೆ. ಹತ್ತು ವರ್ಷದ ನಂಬಿಕೆ ಹೋಗುತ್ತದೆ. ಹೇಳದಿದ್ದರೆ, ಒಳ್ಳೆಯ ನೂಲೊಂದು ಮೋಸವೆಂದು ಹೆಸರು ಪಡೆದು ಇಡೀ ಕಡಲತಡಿಯಿಂದ ಹೋಗುತ್ತದೆ. ಮತ್ತೆ ಹಂಡೆ, ತೊಗಟೆ, ಹೊಗೆ.

ಗುರುವಾರ ಹದಿನಾಲ್ಕನೆಯ ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಸಿ ಅವಳು ಮೇಬಲ್ ಬಾಯಿಗೆ ಎಲ್ಲ ಹೇಳಿದಳು. ಅವರು ಮೀನು ಆರಿಸುವುದನ್ನು ನಿಲ್ಲಿಸಿ ಕೇಳಿದರು.

"ಕ್ಲಾಸಿನಲ್ಲಿ ಮಕ್ಕಳು ಗೊತ್ತಿಲ್ಲದ ಶಬ್ದ ಬಂದರೆ ನುಂಗಿಬಿಡುತ್ತವೆ. ನಿನಗೆ ಓದಲು ಬರುತ್ತದೆ, ಆದರೂ ನುಂಗಿದೆಯಲ್ಲ ನಳಿನಾಕ್ಷಿ?"

"ಅವರು ನಗುತ್ತಾರೆ ಅಂತ, ಬಾಯಿ."

"ನಗಲಿ. ನೀನು ಬರೆದದ್ದಾ ಅದು? ನೀನು ಓದಿದ್ದು." ಮತ್ತೆ ಮೀನಿಗೆ ಕೈ ಹಾಕುತ್ತ, "ಇವತ್ತು ಕೊಸರು ಬೇಡ. ನಾಳೆ ಓದಿಬಿಟ್ಟು ನಾಡಿದ್ದು ಬಂದು ಕೊಡು," ಎಂದರು.

ಶುಕ್ರವಾರ ಚಪ್ಪರದಲ್ಲಿ ಎಂದಿಗಿಂತ ಹೆಚ್ಚು ಜನ. ಬಡಗು ಬದಿಯವರೂ ಬಂದಿದ್ದರು. ತೇಲುಬೆಂಡುಗಳ ಮೇಲೆ ಅವರಿಗೆ ಕಣ್ಣಿತ್ತು. ಗುಣಪಾಲ ಕತ್ತಿ ಮಸೆದಿಟ್ಟಿದ್ದ. ನಳಿನಾಕ್ಷಿ ಪೆಟ್ಟಿಗೆಯ ಪೇಪರನ್ನು ಬಿಚ್ಚಿ ಹಿಡಿದು ನಡುವೆ ನಿಂತಳು.

"ಪೇಪರು ಬೇಡ ಅಂದೆನಲ್ಲ," ಎಂದ ಗುಣಪಾಲ.

"ಇದು ಹೊಸತಲ್ಲ ಮಾಮ. ಹೋದ ವರ್ಷದ್ದು. ನಾನು ಪೂರ್ತಿ ಓದಿರಲಿಲ್ಲ."

ಕೊನೆಯ ಎರಡು ಸಾಲನ್ನು ಅವಳು ಮೊದಲು ಕನ್ನಡದಲ್ಲಿ, ಇದ್ದಹಾಗೆ ಓದಿದಳು. ಆಮೇಲೆ ತುಳುವಿನಲ್ಲಿ ಹೇಳಿದಳು. ಯಾಕೆ ಬಿಟ್ಟೆನೆಂಬುದನ್ನೂ ಹೇಳಿದಳು. ಎಲ್ಲರೂ ಹೊರಗೆ ಬಿಸಿಲಿನಲ್ಲಿ ಚೊಕ್ಕವಾಗಿ ಹರಡಿದ್ದ ನೈಲಾನ್ ಬಲೆಯನ್ನು ನೋಡಿದರು. ಅಂದು ಕೂಡ ಗುಣಪಾಲ ಅದನ್ನು ಅಭ್ಯಾಸಬಲದಿಂದ ಒಣಗಲು ಹಾಕಿದ್ದ.

"ಬಿಸಿಲಿಗೆ ಬಲೆ ಸಾಯುವುದಾ?" ಎಂದು ಬಡಗು ಬದಿಯ ಮುದುಕನೊಬ್ಬ ನಕ್ಕ. ಬೇರೆ ಯಾರೂ ನಗಲಿಲ್ಲ.

ಗುಣಪಾಲ ಅವಳನ್ನು ಬೈಯಲಿಲ್ಲ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಕಿಟ್ಟ, ಅಟ್ಟದಲ್ಲಿ ಮಿಕ್ಕಿದ ನೂಲಿನ ಉಂಡೆ ಉಂಟು. ತೆಗೆದುಕೊಂಡು ಬಾ," ಎಂದ.

ಮಳೆಗಾಲದಲ್ಲಿ ನೇಯ್ದು ಉಳಿದ ನೂಲು ಅದು. ಅಟ್ಟದ ಕತ್ತಲೆಯಲ್ಲಿ ಆರು ತಿಂಗಳಿಂದ ಬಿದ್ದಿತ್ತು. ಗುಣಪಾಲ ಮೊದಲು ಬಲೆಯಿಂದ ಒಂದು ಎಳೆ ಕತ್ತರಿಸಿ ಎರಡು ಕೈಗೂ ಸುತ್ತಿ ಎಳೆದ. ಬಾಳೆನಾರಿನಂತೆ ತುಂಡಾಯಿತು. ಆಮೇಲೆ ಉಂಡೆಯಿಂದ ಅಷ್ಟೇ ಉದ್ದದ ಎಳೆ ತೆಗೆದು ಎಳೆದ. ತುಂಡಾಗಲಿಲ್ಲ. ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದ. ಅಂಗೈಯಲ್ಲಿ ಕೆಂಪು ಬರೆ ಬಿತ್ತು, ನೂಲು ಹಾಗೆಯೇ ಇತ್ತು. ಕಿಟ್ಟ ತನ್ನಿಂದ ಆಗುತ್ತದೆಂದು ಕಸಿದುಕೊಂಡು ಎಳೆದು ಬೆರಳು ಕೊಯ್ದುಕೊಂಡ. ಬಡಗು ಬದಿಯ ಮುದುಕ ಎರಡೂ ಎಳೆಗಳನ್ನು ತನ್ನ ಕೈಯಲ್ಲೇ ಎಳೆದು ನೋಡಿ, ತುಂಡಾಗದ ಎಳೆಯನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡ.

"ಪೇಪರಿನವರು ಸುಳ್ಳು ಬರೆಯಲಿಲ್ಲ," ಎಂದ ಗುಣಪಾಲ. ಕತ್ತಿಯನ್ನು ಚಪ್ಪರದ ಕಂಬಕ್ಕೆ ಸಿಕ್ಕಿಸಿದ. "ಚೆನ್ನಾಗಿ ನೋಡಿಕೊಂಡು ನೋಡಿಕೊಂಡು ನಾನೇ ಕೊಂದೆ."

"ನೀವಲ್ಲ ಮಾಮ. ನಾನು ಓದಿದ್ದರೆ—"

"ಓದಿದ್ದರೂ ನಾನು ನಂಬುತ್ತಿರಲಿಲ್ಲ. ನಕ್ಕುಬಿಡುತ್ತಿದ್ದೆ," ಎಂದು ಅವನು ಅವಳ ಮಾತನ್ನು ತಡೆದ. "ಆದರೆ ಮೊದಲನೇ ಸಲ ಹರಿದ ದಿನ ನೆನಪಾಗುತ್ತಿತ್ತು. ಅಷ್ಟಾದರೂ ಆಗುತ್ತಿತ್ತು. ನಗುವುದು ಬಿಡುವುದು ನಮ್ಮ ಕೆಲಸ ಮಗಾ. ನೀನು ಇದ್ದದ್ದು ಓದು."

ಕಿಟ್ಟ ಬೆರಳಿನ ರಕ್ತ ಚೀಪುತ್ತ ಆಗ ಬಾಯಿ ಬಿಟ್ಟ: "ನಳಿನಕ್ಕ, ಹಾಗಾದರೆ ಆ ಕಾರ್ಕಳದ ಕೊಲೆ ಕೇಸಿನಲ್ಲಿಯೂ ಏನಾದರೂ ಬಿಟ್ಟಿದ್ದೀಯಾ? ನಾನು ಈಗಲೂ ಸತ್ತವನ ಭಾವನೇ ಕೊಂದದ್ದು ಅಂತ ಹೇಳುವವನು."

ಚಪ್ಪರ ನಕ್ಕಿತು. ನಳಿನಾಕ್ಷಿಯೂ ನಕ್ಕಳು, ಆ ವಾರದಲ್ಲಿ ಅದು ಮೊದಲ ಸಲ.

ಅವಳು ಹೆದರಿದ್ದ ಇನ್ನೊಂದು ಸಂಗತಿಯೂ ತಪ್ಪಲಿಲ್ಲ. ಕತ್ತಲಾಗುವ ಮೊದಲೇ ಸರಸಕ್ಕ ಮಗನ ಕಾಗದಗಳ ಕಟ್ಟು ಹಿಡಿದು ಜಗಲಿಗೆ ಬಂದು ಕೂತಳು.

"ನನ್ನ ಮಗನದ್ದರಲ್ಲಿ ಎಂತ ಬಿಟ್ಟಿದ್ದೀ? ಹೇಳು. ಸಾಲ ಉಂಟಾ? ಕಾಯಿಲೆಯಾ? ಯಾರನ್ನಾದರೂ ಮದುವೆಯಾಗಿದ್ದಾನಾ?"

"ಹಾಗೆಲ್ಲ ಏನೂ ಇಲ್ಲ ಸರಸಕ್ಕ."

"ಮತ್ತೆ ಎಂತ?"

ನಳಿನಾಕ್ಷಿ ಮೇಲಿನ ಕಾಗದವನ್ನೇ ಬಿಚ್ಚಿ ಓದಿದಳು. "ಅಮ್ಮ, ಇನ್ನು ಒಣಮೀನು ಕಳಿಸಬೇಡ. ರೂಮಿನವರು ಜಗಳ ಮಾಡುತ್ತಾರೆ. ಹೋದ ಸಲದ್ದನ್ನು ಹಾಗೆಯೇ ವಾಚ್‌ಮ್ಯಾನಿಗೆ ಕೊಟ್ಟೆ."

ಸರಸಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಎರಡು ವರ್ಷದಲ್ಲಿ ಮುಂಬಯಿಗೆ ಹೋಗುವ ಯಾರ ಕೈಯಲ್ಲಾದರೂ ಅವಳು ಕಳಿಸಿದ ಒಣಮೀನಿನ ಕಟ್ಟುಗಳು ಒಂದೆರಡಲ್ಲ.

"ಇಷ್ಟು ದಿನ ಯಾರದೋ ವಾಚ್‌ಮ್ಯಾನನ್ನು ಸಾಕಿದೆನಾ ಮಾರಾಯ್ತಿ!" ಎಂದು ಅವಳು ಮೊದಲು ಸಿಟ್ಟು ಮಾಡಿದಳು. ಎರಡು ದಿನ ನಳಿನಾಕ್ಷಿಯ ಕಡೆ ಮುಖ ತಿರುಗಿಸಲಿಲ್ಲ. ಮೂರನೆಯ ದಿನ ಬಂದು, ಹಳೆಯ ಕಾಗದಗಳನ್ನೆಲ್ಲ ಮೊದಲಿನಿಂದ ಪೂರ್ತಿ ಓದಿಸಿಕೊಂಡಳು. ಮಗ ಒಂದು ಕಾಗದದಲ್ಲಿ ಊರಿನ ನೆನಪಾಗಿ ಅತ್ತುಬಿಟ್ಟೆ ಎಂದು ಬರೆದಿದ್ದ. ಅದನ್ನೂ ನಳಿನಾಕ್ಷಿ ಬಿಟ್ಟಿದ್ದಳು. ಆ ಸಾಲನ್ನು ಸರಸಕ್ಕ ನಾಲ್ಕು ಸಲ ಓದಿಸಿದಳು. ಆಮೇಲೆ ಬೇರೆ ಮನೆಯವರೂ ಒಬ್ಬೊಬ್ಬರಾಗಿ ಬಂದರು. ಕೆಲವರು ಅತ್ತರು, ಒಬ್ಬಿಬ್ಬರು ಬೈದರು. ಕಾಗದ ತರುವುದನ್ನು ಯಾರೂ ನಿಲ್ಲಿಸಲಿಲ್ಲ.

ನೈಲಾನ್ ಬಲೆಯಲ್ಲಿ ರಾಶಿಯ ಅಡಿಗೆ ಬಿದ್ದು ಬಿಸಿಲು ಕಡಿಮೆ ಕಂಡ ಭಾಗವೊಂದಿತ್ತು, ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಅದನ್ನು ಉಳಿಸಿಕೊಂಡು, ಅಟ್ಟದ ಉಂಡೆಯಿಂದ ಅಂಚು ಕಟ್ಟಿ, ಆ ವರ್ಷದ ಉಳಿದ ತಿಂಗಳು ಸಣ್ಣ ಬಲೆಯಲ್ಲೇ ದುಡಿದರು. ಮಳೆಗಾಲದಲ್ಲಿ ಮತ್ತೆ ನೇಯ್ದರು. ಈ ಸಲ ಬಡಗು ಬದಿಯ ಎರಡು ಮನೆಗಳ ಜಗಲಿಯಲ್ಲಿಯೂ ನೈಲಾನ್ ಬಂದಿತ್ತು, ಎರಡು ಸುತ್ತಿನ ಗಂಟು ಕಲಿಸಲು ಗುಣಪಾಲನೇ ಹೋಗಿದ್ದ. ಸೆಪ್ಟೆಂಬರಿನಿಂದ ಬಲೆಗೆ ಚಪ್ಪರದೊಳಗೆ ಜಾಗ ಮಾಡಿದರು. ದಾರಿಯಲ್ಲಿ ಹೋಗುವವರು, ಗುಣಪಾಲನ ಬಲೆ ಮದುಮಗಳ ಹಾಗೆ, ಬಿಸಿಲು ಕಂಡರೆ ಬಾಡುತ್ತದೆ ಎಂದು ಹಾಸ್ಯ ಮಾಡುತ್ತಿದ್ದರು. ಚಪ್ಪರದಲ್ಲಿ ಕೂರುವ ಜಾಗ ಇಕ್ಕಟ್ಟಾಯಿತು. ನಳಿನಾಕ್ಷಿ ಬಲೆಯ ರಾಶಿಗೆ ಬೆನ್ನು ಕೊಟ್ಟು ಪೇಪರು ಓದತೊಡಗಿದಳು.

ಈಗ ಅವಳು ಏನನ್ನೂ ಬಿಡುತ್ತಿರಲಿಲ್ಲ. ಟೆಂಡರಿನ ಜಾಹೀರಾತು, ಕೂದಲೆಣ್ಣೆಯ ಜಾಹೀರಾತು, ಕಳೆದುಹೋದ ಎಮ್ಮೆಯ ಪ್ರಕಟಣೆ, ಎಲ್ಲವೂ. ಒಂದು ಪೇಪರಿಗೆ ಕೆಲವೊಮ್ಮೆ ಎರಡು ಮಧ್ಯಾಹ್ನ ಹಿಡಿಯುತ್ತಿತ್ತು. "ಆ ಎಮ್ಮೆ ಸಿಕ್ಕಿತಾ ನಳಿನಕ್ಕ?" ಎಂದು ಕಿಟ್ಟ ವಾರಗಟ್ಟಲೆ ವಿಚಾರಿಸುತ್ತಿದ್ದ.

1963ರ ಒಂದು ಮಧ್ಯಾಹ್ನ ಅವಳು ಮೀನನ್ನು ಐಸಿನಲ್ಲಿಡುವುದರ ಬಗ್ಗೆ ಬಂದ ಬರಹ ಓದಿದಳು. ಐಸಿನಲ್ಲಿಟ್ಟ ಮೀನು ದಿನಗಟ್ಟಲೆ ಕೆಡದೆ ದೂರದ ಊರಿಗೆ ಹೋಗುತ್ತದೆ ಎಂದಿತ್ತು. "ಘಟ್ಟದ ಮೇಲಿನವರು ತಿನ್ನಲಿ," ಎಂದರು ಯಾರೋ. ಮುಂದಿನ ಸಾಲಿಗೆ ಬಂದಾಗ ಅವಳು ಒಂದು ಗಳಿಗೆ ನಿಂತಳು. ಐಸು ಬೇಗ ಕರಗದಂತೆ ಅದರ ಸುತ್ತ ಮರದ ಹುಡಿ ತುಂಬಿ, ಮೇಲೆ ದಪ್ಪ ಗೋಣಿ ಮುಚ್ಚಬೇಕು ಎಂದು ಬರೆದಿತ್ತು. ಓದಿದಳು.

"ಅಯ್ಯೋ ಪಾಪ, ಐಸಿಗೆ ಚಳಿಯಾಗುತ್ತದಾ?" ಎಂದ ಕಿಟ್ಟ. "ಕಂಬಳಿ ಹೊದೆಸಿ ಮಲಗಿಸಬೇಕಾ?"

ಚಪ್ಪರದಲ್ಲಿ ನಗು ಹತ್ತಿತು. ಬಡಗು ಬದಿಯ ಮುದುಕ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಗುಣಪಾಲನೂ ನಕ್ಕ, ಬಹಳ ಹೊತ್ತು ನಕ್ಕ. ನಳಿನಾಕ್ಷಿ ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು, ಬಲೆಗೆ ಒರಗಿ ಕಾದಳು. ನಗು ಇಳಿದ ಮೇಲೆ ಗುಣಪಾಲ ಸೂಜಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅವಳ ಕಡೆ ತಿರುಗಿದ.

"ಅದನ್ನು ಇನ್ನೊಮ್ಮೆ ಓದು," ಎಂದ. "ಮರದ ಹುಡಿಯದ್ದು."